ಲೀಲಾವತಿಯ ಶೃಂಗಾರವೃತ್ತ: ಭಾಷೆ ಮತ್ತು ಸಂದರ್ಭ

ಹಳಗನ್ನಡ ಜೈನ ಚಂಪೂಪರಂಪರೆಯಲ್ಲಿ ನೇಮಿಚಂದ್ರನ ‘ಲೀಲಾವತೀಪ್ರಬಂಧಂ’ ಪಡೆದಿರುವ ಸ್ಥಾನ ವಿಲಕ್ಷಣವಾದುದು. ಕ್ರಿ.ಶ. ೧೧೭೦ರ ಸುಮಾರಿಗೆ ರಚಿತವಾದ ಈ ಕೃತಿಯನ್ನು ಕನ್ನಡದ ಮೊದಲ ಶೃಂಗಾರಕಥೆಯೆಂದು ಎಲ್ಲ ಸಾಹಿತ್ಯಚರಿತ್ರೆಗಳೂ ಹೆಸರಿಸುತ್ತವೆ. ಹೆಸರಿಸಿದ ಮರುವಾಕ್ಯದಲ್ಲಿಯೇ ಕ್ಷಮೆ ಬೇಡುವ ಧ್ವನಿಯನ್ನೂ ತಾಳುತ್ತವೆ. ತೀರ್ಥಂಕರಚರಿತೆಯಲ್ಲ, ವ್ರತಕಥೆಯಲ್ಲ, ಆಶ್ರಯದಾತನ ದಿಗ್ವಿಜಯವೂ ಅಲ್ಲ. ಒಬ್ಬ ರಾಜಕುಮಾರ ಕನಸಿನಲ್ಲಿ ಕಂಡ ಹೆಣ್ಣನ್ನು ಅರಸಿ ಹೊರಡುವ ಕಥೆ. ಜಿನಭಕ್ತನಾದ ಕವಿ ಇದನ್ನೇಕೆ ಬರೆದನೆಂಬ ಮುಜುಗರ ನಮ್ಮ ಪಂಡಿತರಲ್ಲಿಯೂ ಇದೆ. ಶೃಂಗಾರಕ್ಕೆ ರಸಗಳಲ್ಲಿ ಮೊದಲ ಮಣೆ ಹಾಕಿ, ಹೆಣ್ಣಿನ ಚೆಲುವನ್ನೇ ಚೆಲುವಿನ ಅಳತೆಗೋಲಾಗಿಸಿದ ಅವನ ಒಂದು ಮಾತನ್ನು ಮೇಲಿಂದ ಮೇಲೆ ಉದ್ಧರಿಸಿ, ಅದರಿಂದ ಕವಿಯ ಶೀಲವನ್ನೇ ಅಳೆಯುವುದು ವಾಡಿಕೆಯಾಗಿದೆ. ಆ ಮಾತು ಕಾವ್ಯವಸ್ತುವನ್ನು ಕುರಿತದ್ದು, ಶ್ರಾವಕಾಚಾರವನ್ನು ಕುರಿತದ್ದಲ್ಲ ಎಂಬ ಸಾಮಾನ್ಯ ವಿವೇಕವೂ ಈ ಉದ್ಧರಣದ ಭರದಲ್ಲಿ ಮರೆಯಾಗುತ್ತದೆ.

ಈ ತಪ್ಪುಗ್ರಹಿಕೆಗೆ ಬಿಡಿಪದ್ಯವನ್ನು ಬಿಡಿಯಾಗಿಯೇ ಓದುವ ಅಭ್ಯಾಸವೂ ಒಂದು ಕಾರಣ. ಇದು ಹೊಸ ಅಭ್ಯಾಸವೇನೂ ಅಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಪೂರ್ವಕವಿಗಳ ಪದ್ಯಗಳನ್ನು ಅವುಗಳ ನೆಲೆಯಿಂದ ಕಿತ್ತು ವರ್ಣನೆಗಳ ತಲೆಬರಹದಡಿ ಹೊಂದಿಸಿಟ್ಟನು. ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಮತ್ತೊಂದು ಪ್ರೇರಣೆ ಒದಗಿತು. ಇಟಲಿಯಲ್ಲಿ ಪೆಟ್ರಾರ್ಕನು ಲಾರಾ ಎಂಬವಳನ್ನು ಕುರಿತು ಬರೆದು ಮಾದರಿಯಾಗಿಸಿದ ಹದಿನಾಲ್ಕು ಸಾಲಿನ ಬಂಧ ಇಂಗ್ಲಿಷಿನ ದಾರಿಯಾಗಿ ಕನ್ನಡಕ್ಕೆ ಬಂದು ‘ಸುನೀತ’ವೆನಿಸಿತು, ಮಾಸ್ತಿಯವರ ‘ಮಲಾರ’ದಂಥ ಸಂಕಲನಗಳಿಂದ ಅದು ಇಲ್ಲಿ ನೆಲೆಯೂರಿತು. ಅಂದಿನಿಂದ ಕನ್ನಡದ ಓದುಗನು ಪ್ರೇಮಕವಿತೆಯೆಂದರೆ ತನ್ನಲ್ಲಿಯೇ ಮುಗಿಯುವ, ಹಿಂದುಮುಂದಿನ ಹಂಗಿಲ್ಲದ ಒಂದು ರಚನೆಯೆಂದು ಭಾವಿಸತೊಡಗಿದನು. ಹಳಗನ್ನಡದ ವೃತ್ತವನ್ನೂ ಅದೇ ಕಣ್ಣಿನಿಂದ ನೋಡಿದನು. ಹೋಲಿಕೆ ಪೂರ್ಣ ನಿರಾಧಾರವೂ ಅಲ್ಲ. ಇಂಗ್ಲಿಷ್ ಸುನೀತದಲ್ಲಿ ಹದಿನಾಲ್ಕು ಸಾಲುಗಳಿಂದ ಸುಮಾರು ೧೪೦ ಅಕ್ಷರಗಳು. ಉತ್ಪಲಮಾಲೆಯ ನಾಲ್ಕು ಪಾದಗಳಲ್ಲಿ ೮೦, ಮಹಾಸ್ರಗ್ಧರೆಯಲ್ಲಿ ೮೮. ಎರಡೂ ಕಡೆ ಒಂದು ಭಾವವನ್ನು ಕಟ್ಟುನಿಟ್ಟಾದ ಆವರಣದೊಳಗೆ ಹಿಡಿಯುವ ಶ್ರಮವಿದೆ. ಆದರೆ ಸುನೀತದ ಪ್ರಾಸ ಪಾದಾಂತ್ಯದಲ್ಲಿದೆ, ವೃತ್ತದ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿದೆ. ಸುನೀತ ಮುಗಿಯುವಾಗ ಒಂದಾಗುತ್ತದೆ; ವೃತ್ತ ತೊಡಗುವಾಗಲೇ ಒಂದಾಗಿರುತ್ತದೆ.

ಪ್ರಾಸದ ಈ ಸ್ಥಾನ ಓಲೆಪ್ರತಿಗಳೊಡನೆ ಬಳಕೆಯಿರುವವರಿಗೆ ಚೆನ್ನಾಗಿ ಗೊತ್ತು. ಲಿಪಿಕಾರರು ಪದ್ಯವನ್ನು ಪಾದ ಬಿಡಿಸದೆ ಗದ್ಯದಂತೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಾರೆ. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದ ತೋರುವುದಿಲ್ಲ. ಬಿಂದು ಒಂದು ಚಿಕ್ಕ ಸೊನ್ನೆ. ಹುಳು ತಿಂದ ತೂತಿಗೂ ಅದಕ್ಕೂ ವ್ಯತ್ಯಾಸ ಅನೇಕ ವೇಳೆ ಕಾಣದು. ಹೀಗಿರುವಾಗ ಪಾದವೆಲ್ಲಿ ತೊಡಗಿತೆಂದು ಸಂಪಾದಕನಿಗೆ ಮೊದಲು ಹೇಳುವುದು ದ್ವಿತೀಯಾಕ್ಷರ ಪ್ರಾಸವೇ. ರೇಫೆ ಶಕಟರೇಫೆಗಳು, ಳಕಾರ ಱಳಕಾರಗಳು ಪ್ರಾಸಸ್ಥಾನದಲ್ಲಿ ಬೆರೆತಿದ್ದರೆ ಅಲ್ಲಿ ಲಿಪಿಕಾರನ ಕೈವಾಡವನ್ನು ಶಂಕಿಸಲು ಅವಕಾಶವುಂಟು. ಲೀಲಾವತಿಯ ಶೃಂಗಾರಪದ್ಯಗಳ ಭಾಷೆಯನ್ನು ಪರಿಶೀಲಿಸುವುದಾದರೆ ಈ ಛಂದಸ್ಸಿನ ಬಾಗಿಲಿನಿಂದಲೇ ಒಳಗೆ ಹೋಗುವುದು ಉಚಿತ. ವಿಮರ್ಶಕರು ಇದುವರೆಗೆ ಅಲಂಕಾರದ ಬಾಗಿಲನ್ನೇ ಹೆಚ್ಚಾಗಿ ಬಳಸಿದ್ದಾರೆ.

ಕಥಾನಾಯಕನ ಹೆಸರು ಕಂದರ್ಪ, ನಾಯಿಕೆ ಲೀಲಾವತಿ. ಈ ಎರಡು ಹೆಸರುಗಳನ್ನು ಖ್ಯಾತಕರ್ಣಾಟಕ ವೃತ್ತಗಳಾರರ ಮೇಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. ‘ಕಂದರ್ಪಂ’ ಎಂಬುದು ಮೂರು ಗುರುಗಳ ಪದ, ನಿಷ್ಕೃಷ್ಟವಾಗಿ ಮಗಣ. ಆದುದರಿಂದ ಅದು ಮಗಣದಿಂದ ತೊಡಗುವ ಶಾರ್ದೂಲವಿಕ್ರೀಡಿತದ ಮತ್ತು ಸ್ರಗ್ಧರೆಯ ಪಾದಾದಿಯಲ್ಲಿ ಯಾವ ತೊಡಕೂ ಇಲ್ಲದೆ ನಿಲ್ಲುತ್ತದೆ. ‘ಲೀಲಾವತಿ’ ಎರಡು ಗುರು ಎರಡು ಲಘುಗಳ ಪದ. ಮೊದಲ ಮೂರಕ್ಷರ ತಗಣವಾಗುತ್ತದೆ. ಆರು ವೃತ್ತಗಳಲ್ಲಿ ಯಾವುದೂ ತಗಣದಿಂದ ತೊಡಗುವುದಿಲ್ಲ. ಎಂದರೆ ಕೃತಿಗೆ ತನ್ನ ಹೆಸರನ್ನೇ ಕೊಟ್ಟ ನಾಯಿಕೆ ಈ ಆರರಲ್ಲಿ ಒಂದರ ಪಾದದ ತಲೆಯಲ್ಲಿಯೂ ಹೆಸರುಗೊಂಡು ನಿಲ್ಲಲಾರಳು; ಆ ಗೌರವ ಅವಳಿಗೆ ಕಂದದಲ್ಲಿ ಮಾತ್ರ ಸಾಧ್ಯ. ಶಾರ್ದೂಲ, ಮತ್ತೇಭ, ಸ್ರಗ್ಧರೆ, ಮಹಾಸ್ರಗ್ಧರೆಗಳಲ್ಲಿ ಪಾದದ ಒಳಗೆ ಎಡೆ ದೊರೆತೀತು. ಉಳಿದ ಎರಡು, ಉತ್ಪಲಮಾಲೆ ಮತ್ತು ಚಂಪಕಮಾಲೆಗಳ ಸಂಗತಿ ಇನ್ನೂ ವಿಚಿತ್ರ. ಇವುಗಳ ಪಾದದಲ್ಲಿ ಎಲ್ಲಿಯೂ ಎರಡು ಗುರುಗಳು ಒಟ್ಟಿಗೆ ಬರುವುದಿಲ್ಲ. ಆದಕಾರಣ ಕಂದರ್ಪನಾಗಲಿ ಲೀಲಾವತಿಯಾಗಲಿ ಈ ಎರಡು ವೃತ್ತಗಳೊಳಗೆ ತಮ್ಮ ಹೆಸರಿನಿಂದ ಕಾಲಿಡುವಂತೆಯೇ ಇಲ್ಲ. ಶಿಥಿಲದ್ವಿತ್ವದ ಆಸರೆಯೂ ಇಲ್ಲಿ ದೊರೆಯದು. ಅದು ಸಂಸ್ಕೃತ ಪದಕ್ಕೆ ಸಲ್ಲುವ ಸೌಕರ್ಯವಲ್ಲ.

ಹಳಗನ್ನಡ ಕವಿಗಳು ಮಾರ್ದವಕ್ಕೆ, ಓಟಕ್ಕೆ, ಮಾತಿನ ಸಹಜವಾದ ಏರಿಳಿತಕ್ಕೆ ಹೆಚ್ಚಾಗಿ ಆಶ್ರಯಿಸಿದುದು ಈ ಎರಡು ಮಾಲೆಗಳನ್ನೇ. ಪ್ರೇಮಿಯ ತಳಮಳವನ್ನು ಹೇಳಲು ಇವುಗಳಷ್ಟು ಒಗ್ಗಿದ ವೃತ್ತಗಳಿಲ್ಲ. ಅಲ್ಲಿಗೆ ಬಂದೊಡನೆ ನಾಯಕನು ಹೆಸರನ್ನು ಕಳೆದುಕೊಂಡು ಅವನೆಂಬ ಸರ್ವನಾಮವಾಗುತ್ತಾನೆ. ನಾಯಿಕೆ ಕಾಮಿನಿಯಾಗುತ್ತಾಳೆ, ಸತಿಯಾಗುತ್ತಾಳೆ, ಮೃಗಲೋಚನೆಯಾಗುತ್ತಾಳೆ. ಕಾಮನ ಪರ್ಯಾಯವಾಗಿ ಚಂಪಕಮಾಲೆಗೆ ಒದಗುವ ‘ಮನಸಿಜ’ ಎಂಬ ನಾಲ್ಕು ಲಘುಗಳ ಪದ ಆ ವೃತ್ತದ ಮೊದಲ ನಾಲ್ಕು ಲಘುಗಳಿಗೆ ಅಳೆದಿಟ್ಟಂತೆ ಕೂಡುತ್ತದೆ. ಹೀಗೆ ಹೆಸರಳಿದ ಪದ್ಯ ಯಾವ ಸಂಕಲನಕ್ಕೆ ಎತ್ತಿಟ್ಟರೂ ಒಗ್ಗುತ್ತದೆ, ಯಾವ ಹೆಣ್ಣುಗಂಡುಗಳಿಗೂ ಅನ್ವಯಿಸುತ್ತದೆ. ಲೀಲಾವತಿಯ ಶೃಂಗಾರ ವ್ಯಕ್ತಿಶೂನ್ಯವಾದುದು, ಸಿದ್ಧಸಾಮಗ್ರಿಯ ಜೋಡಣೆ ಎಂಬ ಆಕ್ಷೇಪಕ್ಕೆ ಇಂಥ ಪದ್ಯಗಳೇ ಸಾಕ್ಷಿಯಾಗಿ ನಿಲ್ಲುತ್ತವೆ. ಆದರೆ ಇಲ್ಲಿ ಹೆಸರನ್ನು ಹೊರಗಿಟ್ಟಿರುವುದು ಛಂದಸ್ಸು; ಆ ಹೆಸರು ಹಿಂದಿನ ಕಂದದಲ್ಲಿಯೋ ಮುಂದಿನ ವಚನದಲ್ಲಿಯೋ ಕಾದು ಕುಳಿತಿರುತ್ತದೆ. ಪ್ರಬಂಧದ ಸರಣಿಯಲ್ಲಿ ಓದುವವನಿಗೆ ಪದ್ಯ ಅನಾಮಿಕವಲ್ಲ. ಕಿತ್ತುಕೊಂಡು ಓದುವವನಿಗೆ ಮಾತ್ರ ಹಾಗೆ.

ಪಾದಾದಿಯಲ್ಲಿ ಕಂದರ್ಪನು ನಿಂತಾಗ ಮತ್ತೊಂದು ನಿಯಮ ಕೆಲಸಮಾಡುತ್ತದೆ. ಬಿಂದುಪೂರ್ವಕವಾದ ದಕಾರ ಪ್ರಾಸವಾಗುವುದರಿಂದ ಉಳಿದ ಮೂರು ಪಾದಗಳೂ ಅದನ್ನೇ ಅನುಸರಿಸಬೇಕು. ಕವಿಯ ಮುಂದೆ ಆಗ ತೆರೆಯುವ ಪದಕೋಶವನ್ನು ನೋಡಬೇಕು: ಸಂಸ್ಕೃತದಿಂದ ಇಂದು, ಸುಂದರ, ಮಂದ, ಕುಂದ, ವೃಂದ, ಕನ್ನಡದಿಂದ ಬಂದು, ನೊಂದು, ಬೆಂದು, ಕಂದಿ. ಮೊದಲ ಸಾಲಿನವು ವರ್ಣನೆಯ ಪದಗಳು, ಎರಡನೆಯವು ಅನುಭವದ ಕ್ರಿಯೆಗಳು. ಚಂದ್ರ, ಮಲ್ಲಿಗೆ, ಮಂದಾನಿಲಗಳೆಲ್ಲ ಸಂಸ್ಕೃತದಿಂದ ಬರುತ್ತವೆ. ನೋಯುವುದು, ಬೇಯುವುದು, ಕಂದುವುದು ಕನ್ನಡದಲ್ಲಿ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಚಂಪೂಕವಿಯ ಭಾಷೆಯನ್ನು ಸಂಸ್ಕೃತಭೂಯಿಷ್ಠವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಕ್ರಿಯಾಪದಗಳ ಮೇಲೆ ಕಣ್ಣಿಟ್ಟು ಎಣಿಸಿ ನೋಡಿದರೆ ಲೇಸು. ಅರ್ಧಶತಮಾನದ ಬಳಿಕ ಆಂಡಯ್ಯನೆಂಬ ಮತ್ತೊಬ್ಬ ಜೈನಕವಿ ತತ್ಸಮಗಳನ್ನೇ ದೂರವಿಟ್ಟು ‘ಕಬ್ಬಿಗರ ಕಾವ’ವನ್ನು ಬರೆದಾಗ ಅವನ ನಾಯಕನೂ ಕಾಮನೇ. ಕಂದರ್ಪನೆಂಬ ಘನವಾದ ಮಗಣ ಅಲ್ಲಿ ‘ಕಾವ’ ಎಂಬ ಹಗುರ ಪದವಾಯಿತು, ಕಾಯುವವನೆಂಬ ಅರ್ಥವನ್ನೂ ಹೊತ್ತುಕೊಂಡಿತು. ಇಬ್ಬರು ಕವಿಗಳ ಭಾಷೆಗಳು ಎರಡು ತುದಿಗಳು, ವಸ್ತು ಒಂದೇ. ಜೈನಕಾವ್ಯದಲ್ಲಿ ಕಾಮನಿಗೆ ಎಡೆಯೆಲ್ಲಿ ಎಂದು ಕೇಳುವವರು ಇದನ್ನೂ ಗಮನಿಸಬೇಕು.

ಎಡೆ ಹೊಸತಾಗಿ ಮಾಡಿಕೊಂಡುದಲ್ಲ. ಜೈನಾಗಮಪರಂಪರೆಯಲ್ಲಿ ಕಾಮದೇವರು ಇಪ್ಪತ್ತುನಾಲ್ವರು; ಮೊದಲನೆಯವನು ಬಾಹುಬಲಿ. ನಾಗಕುಮಾರ, ಜೀವಂಧರ, ಪ್ರದ್ಯುಮ್ನರ ಚರಿತೆಗಳನ್ನು ಬಸದಿಗಳಲ್ಲಿ ಕೇಳುತ್ತ ಬಂದ ಶ್ರಾವಕನಿಗೆ ಕಾಮದೇವನೆಂದರೆ ಹರನ ಕಣ್ಣಿಗೆ ಬೂದಿಯಾದವನಲ್ಲ. ಪುಣ್ಯಫಲದಿಂದ ಅಪ್ರತಿಮ ರೂಪ ಪಡೆದು, ಭೋಗವನ್ನುಂಡು, ಕಡೆಗೆ ಮುಕ್ತಿಗೆ ಸಂದವನು. ಆದಿಪ್ರಾಸವನ್ನು ೧೯೧೧ರಲ್ಲಿ ಕೈಬಿಟ್ಟು ಹೊಸಗನ್ನಡ ಕವಿತೆಗೆ ದಾರಿ ತೆರೆದ ಮಂಜೇಶ್ವರದ ಗೋವಿಂದ ಪೈಗಳೇ ಗೊಮ್ಮಟ ಶಬ್ದವನ್ನು ಮನ್ಮಥ ಶಬ್ದದ ತದ್ಭವವೆಂದು ಸಾಧಿಸಲೆತ್ನಿಸಿದುದು ಈ ನಂಬಿಕೆಯ ಆಧಾರದಿಂದ. ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಆ. ನೇ. ಉಪಾಧ್ಯೆಯವರು ಆ ವ್ಯುತ್ಪತ್ತಿಯನ್ನು ಒಪ್ಪಲಿಲ್ಲ. ಅದು ಚಾವುಂಡರಾಯನ ಹೆಸರೆಂದರು. ವ್ಯುತ್ಪತ್ತಿ ಏನೇ ಇರಲಿ, ಬಾಹುಬಲಿಯ ಕಾಮದೇವತ್ವವನ್ನು ಇಬ್ಬರೂ ಅಲ್ಲಗಳೆದಿಲ್ಲ. ನೇಮಿಚಂದ್ರನ ಕಂದರ್ಪನು ಆ ಇಪ್ಪತ್ತುನಾಲ್ವರಲ್ಲಿ ಒಬ್ಬನಲ್ಲ ನಿಜ. ಆದರೆ ಆ ಹೆಸರನ್ನು ಕೇಳಿದ ಕಿವಿ ಆ ಪರಂಪರೆಯ ಕಿವಿ.

ಹೆಸರಿನ ಮೂಲವಾದರೋ ಸುಬಂಧುವಿನ ‘ವಾಸವದತ್ತಾ’. ಅಲ್ಲಿ ಚಿಂತಾಮಣಿಯ ಮಗ ಕಂದರ್ಪಕೇತು, ಗೆಳೆಯ ಮಕರಂದ, ಕುಸುಮಪುರದ ಶೃಂಗಾರಶೇಖರನ ಮಗಳು ವಾಸವದತ್ತೆ. ಕನ್ನಡದಲ್ಲಿ ಚಿಂತಾಮಣಿ ಚೂಡಾಮಣಿಯಾದನು, ಕಂದರ್ಪಕೇತು ಕಂದರ್ಪದೇವನಾದನು. ಮಕರಂದ, ಕುಸುಮಪುರ, ಶೃಂಗಾರಶೇಖರರು ಹಾಗೆಯೇ ಉಳಿದರು. ನಾಯಿಕೆಯ ಹೆಸರು ಬದಲಾಯಿತು. ಲೀಲಾವತಿ ಎಂಬ ಹೆಸರು ಜೈನ ವಿದ್ವಾಂಸರಿಗೆ ಪ್ರಾಕೃತ ಕಥಾಸಾಹಿತ್ಯದಿಂದ ಪರಿಚಿತ. ಕೋಊಹಲನ ‘ಲೀಲಾವಈ’ಯನ್ನು ೧೯೪೯ರಲ್ಲಿ ಸಂಪಾದಿಸಿ ಪ್ರಕಟಿಸಿದವರೂ ಉಪಾಧ್ಯೆಯವರೇ. ಸುಬಂಧು ಅಕ್ಷರಕ್ಕೊಂದು ಶ್ಲೇಷವಿಟ್ಟುದಾಗಿ ಬೀಗಿದ ಗದ್ಯಕವಿ. ಉದ್ದುದ್ದ ಸಮಾಸಗಳಲ್ಲಿ ಅವನ ಪ್ರೇಮಿಗಳ ಅಳಲು ಚದರಿಹೋಗುತ್ತದೆ. ನೇಮಿಚಂದ್ರನು ಅದನ್ನು ಚಂಪುವಿಗೆ ತಂದಾಗ ಗದ್ಯದ ನಡುನಡುವೆ ಪದ್ಯದ ನಿಲ್ದಾಣಗಳು ಏರ್ಪಟ್ಟವು, ಚದರಿದುದು ನಾಲ್ಕು ಪಾದಗಳಲ್ಲಿ ಹಿಡಿಗೆ ಬಂತು. ಇದು ಲಾಭ. ನಷ್ಟವೂ ಇಲ್ಲದಿಲ್ಲ: ಅಷ್ಟಾದಶ ವರ್ಣನೆಗಳನ್ನು ತುಂಬಿಸುವ ಹಟದಲ್ಲಿ ಕಥೆ ಎಷ್ಟೋ ಕಡೆ ನಿಂತೇಹೋಗುತ್ತದೆ, ಒಂದು ಚಂದ್ರೋದಯಕ್ಕೆ ಎರಡು ಪದ್ಯ ಸಾಕಾದೆಡೆ ಹತ್ತು ಬಂದರೆ ಸಹೃದಯನೂ ಬೇಸರುತ್ತಾನೆ. ಈ ದೋಷವನ್ನು ಕಾಲಧರ್ಮವೆಂದು ಮುಚ್ಚಿಡುವುದು ಸಲ್ಲದು.

ನೇಮಿಚಂದ್ರನು ಮಾಡಿದ ಅತ್ಯಂತ ಗಮನಾರ್ಹ ಬದಲಾವಣೆ ನಾಯಕನ ಊರಿನದು. ಅವನ ಕಂದರ್ಪನು ಜಯಂತೀಪುರದ, ಎಂದರೆ ಬನವಾಸಿಯ, ಕದಂಬ ರಾಜಕುಮಾರ. ಪಂಪನ ಕಾಲದಿಂದ ಕನ್ನಡ ಕವಿಗಳಿಗೆ ಬನವಾಸಿ ಹಂಬಲದ ನಾಡಾದುದು ಸರ್ವವಿದಿತ. ಅದಕ್ಕಿಂತ ಹತ್ತಿರದ ಕಾರಣಗಳನ್ನು ಇಂದಿನ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಹುಡುಕಬಹುದು. ಹಲಸಿ ಪ್ರಾಚೀನ ಪಲಾಶಿಕಾ. ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಅಲ್ಲಿಯ ಚಕ್ರತೀರ್ಥದ ಬಳಿ ದೊರೆತು ಫ್ಲೀಟರು ಪ್ರಕಟಿಸಿದ ತಾಮ್ರಪಟಗಳು ಜೈನ ಇತಿಹಾಸದ ಅಮೂಲ್ಯ ದಾಖಲೆಗಳು. ಕಾಕುತ್ಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿಯಿತ್ತನು. ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ೩೩ ನಿವರ್ತನ ಭೂಮಿಯನ್ನು ಬಿಟ್ಟನು. ರವಿವರ್ಮನು ಕಾರ್ತಿಕದ ಅಷ್ಟಾಹ್ನಿಕ ಪೂಜೆಗೆ ಗ್ರಾಮದ ಆದಾಯವನ್ನು ನಿಯಮಿಸಿದನು. ಕದಂಬನೆಂಬ ಹೆಸರು ಜೈನಸಂಘಕ್ಕೆ ಪರಕೀಯವಲ್ಲ.

ಲೀಲಾವತಿ ಹುಟ್ಟಿದ ದಶಕದಲ್ಲಿ ಅದೇ ಹಲಸಿ ಗೋವೆಯ ಕದಂಬರ ಕೈಯಲ್ಲಿತ್ತು. ಅಲ್ಲಿಯ ನರಸಿಂಹ ದೇವಾಲಯಕ್ಕೆ ಸಂಬಂಧಿಸಿದ ೧೧೬೯ರ ಶಾಸನ ಶಿವಚಿತ್ತ ಪೆರ್ಮಾಡಿಯ ಕಾಲದ್ದು. ಬನವಾಸಿಯ ಮೇಲೆ ಅಧಿಕಾರವಿಲ್ಲದಿದ್ದರೂ ಈ ಅರಸರು ‘ಬನವಾಸಿಪುರವರಾಧೀಶ್ವರ’ರೆಂಬ ಬಿರುದನ್ನು ಹೊತ್ತಿದ್ದರು. ಬೆಳಗಾವಿ, ಅಂದಿನ ವೇಣುಗ್ರಾಮ, ಆಗ ಅವರದು. ಅನಂತರ ಸವದತ್ತಿಯ ರಟ್ಟರದು. ನೇಮಿಚಂದ್ರನ ಹೆಸರಿನೊಡನೆ ಸಾಹಿತ್ಯಚರಿತ್ರಕಾರರು ಹೊಯ್ಸಳ ವೀರಬಲ್ಲಾಳನನ್ನೂ ಲಕ್ಷ್ಮಣರಾಜನನ್ನೂ ಸೇರಿಸುತ್ತಾರೆ. ಈ ಲಕ್ಷ್ಮಣನನ್ನು ಕೊಲ್ಲಾಪುರದ ಶಿಲಾಹಾರರ ಕಡೆಯವನೆಂದು ಹೇಳುವುದುಂಟು. ಕೊಲ್ಲಾಪುರ, ಬೆಳಗಾವಿ, ಹಲಸಿಗಳು ಒಂದಕ್ಕೊಂದು ದೂರದ ಊರುಗಳಲ್ಲ. ನಾಡಿಲ್ಲದೆ ಬಿರುದಾಗಿ ಮಾತ್ರ ಉಳಿದ ಬನವಾಸಿಯನ್ನು ಕನಸಿನ ಕಥೆಗೆ ನೆಲೆಯಾಗಿಸಿದುದರಲ್ಲಿ ಕವಿಯ ಔಚಿತ್ಯಪ್ರಜ್ಞೆ ಎದ್ದು ಕಾಣುತ್ತದೆ. ಆ ಕಾಲದ ಕೇಳುಗನಿಗೆ ಜಯಂತೀಪುರ ನಿಜವಾದ ಊರೂ ಹೌದು, ಕೈಗೆಟುಕದ ಊರೂ ಹೌದು.

ಬೆಳಗಾವಿಯ ಸಾಕ್ಷ್ಯ ಬೇರೊಂದು ಬಗೆಯದು. ಕೋಟೆಯೊಳಗಿನ ಕಮಲಬಸದಿಯನ್ನು ರಟ್ಟ ಕಾರ್ತವೀರ್ಯ ನಾಲ್ಕನೆಯವನ ಮಂತ್ರಿ ಬೀಚಣನು ಕಟ್ಟಿಸಿದನು. ರಟ್ಟಜಿನಾಲಯಕ್ಕೆ ಶುಭಚಂದ್ರ ಭಟ್ಟಾರಕರ ಮೂಲಕ ದತ್ತಿ ಬಿಟ್ಟುದನ್ನು ತಿಳಿಸುವ ೧೨೦೪ರ ಶಾಸನಗಳು ಕಾಲಾಂತರದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಬಸದಿ ಇಲ್ಲಿ, ಅದರ ಮಾತು ಅಲ್ಲಿ. ಆ ಮಾತನ್ನು ರಚಿಸಿದ ಬಾಲಚಂದ್ರನ ಬಿರುದು ‘ಕವಿಕಂದರ್ಪ’. ಜಿನಾಲಯದ ದಾನಶಾಸನವನ್ನು ಬರೆಯುವ ಕವಿ ತನ್ನನ್ನು ಕಾಮನ ಹೆಸರಿನಿಂದ ಕರೆದುಕೊಳ್ಳಲು ಸಂಕೋಚಪಡಲಿಲ್ಲ. ಕಲ್ಲಿನ ಮೇಲೆ ಅದನ್ನು ಕಂಡ ಭಟ್ಟಾರಕರಿಗೂ ಶ್ರಾವಕರಿಗೂ ಅದು ಅಳುಕು ತರಲಿಲ್ಲ. ಇದೇ ಕಾರ್ತವೀರ್ಯನ ಆಸ್ಥಾನದ ಪಾರ್ಶ್ವಪಂಡಿತನು ಪಾರ್ಶ್ವನಾಥನ ಪುರಾಣವನ್ನು ಬರೆದನು. ನೇಮಿಚಂದ್ರನಿಗಿಂತ ತುಸು ಹಿಂದೆ ಶಿಲಾಹಾರರ ಆಶ್ರಯದಲ್ಲಿ ಕರ್ಣಪಾರ್ಯನು ನೇಮಿನಾಥನ ಪುರಾಣವನ್ನು ಬರೆದಿದ್ದನು. ಸುತ್ತಲೂ ತೀರ್ಥಂಕರಪುರಾಣಗಳ ನಡುವೆ ಲೀಲಾವತಿ ಒಂಟಿಯಾದುದು ನಿಜ. ಆದರೆ ಅದರ ಪರಿಭಾಷೆ ಆ ನೆರೆಗೆ ಅಪರಿಚಿತವಾದುದಲ್ಲ.

ಇನ್ನು ಕನಸಿನ ಮಾತು. ಸುಬಂಧುವಿನಲ್ಲಿ ಕನಸು ಕಥೆಯನ್ನು ತೊಡಗಿಸುವ ಒಂದು ಉಪಾಯ. ಜೈನಕಾವ್ಯದಲ್ಲಿ ಕನಸಿಗೆ ಇರುವ ತೂಕವೇ ಬೇರೆ. ತೀರ್ಥಂಕರನ ತಾಯಿ ಕಾಣುವ ಹದಿನಾರು ಕನಸುಗಳು ಎಂದೂ ಹುಸಿಯಾಗುವುದಿಲ್ಲ. ಚಂದ್ರಗುಪ್ತನ ಕನಸುಗಳು ಮುಂಬರುವ ಕಾಲವನ್ನು ಹೇಳುತ್ತವೆ. ನ್ಯಾಯಗ್ರಂಥಗಳು ಸ್ವಪ್ನಜ್ಞಾನಕ್ಕೆ ಪ್ರಾಮಾಣ್ಯ ಕೊಡದಿದ್ದರೂ ಪುರಾಣದ ಶ್ರೋತೃವಿಗೆ ಕನಸು ಫಲ ಕೇಳಿ ತಿಳಿಯಬೇಕಾದ ಸತ್ಯ. ಕಂದರ್ಪನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡರೆಂದಾಗ ಅಂಥ ಶ್ರೋತೃ ಅದನ್ನು ಚಿತ್ತಭ್ರಮೆಯೆಂದು ತಳ್ಳಲಾರ. ಪಂಪನ ಆದಿಪುರಾಣದ ಶ್ರೀಮತಿಯನ್ನು ನೆನೆಯಬಹುದು. ಅವಳ ಪ್ರೇಮಕ್ಕೆ ಜಾತಿಸ್ಮರಣೆಯ ಆಧಾರವಿದೆ; ಲಲಿತಾಂಗನೊಡನೆ ಕಳೆದ ದೇವಭವವನ್ನು ನೆನೆದು ಅವಳು ಚಿತ್ರ 그ೀಟುತ್ತಾಳೆ, ಪಂಡಿತೆ ಆ ಪಟವನ್ನು ಜಿನಾಲಯದಲ್ಲಿಯೇ ಹರಡಿ ಪ್ರಿಯನನ್ನು ಪತ್ತೆಹಚ್ಚುತ್ತಾಳೆ. ಪ್ರೇಮಚಿತ್ರವೊಂದು ಜಿನಾಲಯದಲ್ಲಿ ಬಿಚ್ಚಿಕೊಂಡಾಗ ಜಿನಸೇನಾಚಾರ್ಯರಿಗೂ ಪಂಪನಿಗೂ ಅದು ಅಪಚಾರವೆನಿಸಲಿಲ್ಲ. ನೇಮಿಚಂದ್ರನು ಹಿಂದಿನ ಭವದ ಆಧಾರವನ್ನು ಬದಿಗಿಟ್ಟು ಕನಸೊಂದನ್ನೇ ಇಟ್ಟುಕೊಂಡನು. ಅದರಿಂದ ಅವನ ಶೃಂಗಾರ ಬಹುತೇಕ ವಿಪ್ರಲಂಭವೇ. ಎದುರಿಗಿಲ್ಲದ ರೂಪವನ್ನು ಮಾತಿನಿಂದ ಕಟ್ಟುವ ಕೆಲಸ. ಅಂಗಾಂಗವರ್ಣನೆ ಅತಿಯಾಯಿತೆನ್ನುವವರು, ವರ್ಣಿಸುವವನು ಆ ಅಂಗಗಳನ್ನು ಎಚ್ಚರದಲ್ಲಿ ಇನ್ನೂ ಕಂಡೇ ಇಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಾಕೃತ ಕಥಾಕಾರರು ಕಾಮಕಥೆಯನ್ನು ಸಮರ್ಥಿಸಿಕೊಳ್ಳಲು ಕಹಿಮದ್ದಿನ ದೃಷ್ಟಾಂತವನ್ನು ಬಳಸುತ್ತಾರೆ: ರೋಗಿಗೆ ಇಷ್ಟವಾದುದರೊಳಗೆ ಮದ್ದನ್ನು ಬೆರೆಸಿ ಕೊಡುವ ವೈದ್ಯನಂತೆ ಶೃಂಗಾರದೊಳಗೆ ಧರ್ಮವನ್ನು ಬೆರೆಸಿ ಕೊಡುವುದು. ಲೀಲಾವತಿಯ ಪರವಾಗಿ ಈ ವಾದವನ್ನು ಹೂಡುವವರೂ ಇದ್ದಾರೆ. ಅದು ಇಲ್ಲಿ ಹೊಂದುವುದಿಲ್ಲ. ಮದುವೆಯಲ್ಲಿ ಮುಗಿಯುವ ಈ ಕಥೆಯೊಳಗೆ ಬಚ್ಚಿಟ್ಟ ಮದ್ದನ್ನು ಹುಡುಕುವುದು ಕೃತಿಗೂ ಅನ್ಯಾಯ, ಧರ್ಮಕ್ಕೂ ಅನ್ಯಾಯ. ಮುಂದಿನ ತಲೆಮಾರಿನ ಜನ್ನನು ‘ಯಶೋಧರಚರಿತೆ’ಯಲ್ಲಿ ರಾತ್ರಿಯ ದನಿಗೆ ಮನಸೋತ ಅಮೃತಮತಿಯ ಮೂಲಕ ಕಾಮದ ಭೀಕರತೆಯನ್ನು ತೋರಿದನು, ಅದು ಬಹುಮಟ್ಟಿಗೆ ಕಂದಗಳ ಕಾವ್ಯ, ವೃತ್ತದ ವೈಭವವನ್ನು ಉದ್ದೇಶಪೂರ್ವಕವಾಗಿ ಬಿಟ್ಟುಕೊಟ್ಟ ಕಾವ್ಯ. ಜನ್ನನ ಅಳತೆಗೋಲಿನಿಂದ ನೇಮಿಚಂದ್ರನನ್ನು ಅಳೆಯುವುದು ಸುಲಭ, ಸರಿಯಲ್ಲ. ಅವನನ್ನು ಅಳೆಯಲು ಅವನದೇ ಎರಡನೆಯ ಕೃತಿ ಬೇಕು.

ಆ ಕೃತಿ ನೇಮಿನಾಥಪುರಾಣ. ವೀರಬಲ್ಲಾಳನ ಮಂತ್ರಿ ಪದ್ಮನಾಭನ ಪ್ರೇರಣೆಯಿಂದ ತೊಡಗಿದುದು. ಮದುವೆಯ ದಿನ ಕೂಡಿಹಾಕಿದ ಪ್ರಾಣಿಗಳ ಆರ್ತನಾದ ಕೇಳಿ, ವಧು ರಾಜೀಮತಿಯನ್ನೂ ಹಸೆಮಣೆಯನ್ನೂ ಬಿಟ್ಟು ಊರ್ಜಯಂತಗಿರಿಯನ್ನೇರಿದ ತೀರ್ಥಂಕರನ ಕಥೆ ಅದು. ಕನಸಿನಿಂದ ಮದುವೆಯವರೆಗಿನ ದಾರಿಯನ್ನು ಅಷ್ಟು ವಿಸ್ತಾರವಾಗಿ ಬರೆದ ಕವಿ, ಮದುವೆಯಿಂದ ಹಿಂದಿರುಗಿದವನ ದಾರಿಯನ್ನು ಯಾವ ಭಾಷೆಯಲ್ಲಿ ಬರೆಯುತ್ತಿದ್ದನು? ಕಾಮಿನಿ, ಮೃಗಲೋಚನೆ ಎಂಬ ಅವೇ ಪದಗಳು ರಾಜೀಮತಿಯ ಬಾಯಲ್ಲಿ, ರಾಜೀಮತಿಯ ಮೇಲೆ, ಯಾವ ಅರ್ಥ ಪಡೆಯುತ್ತಿದ್ದವು? ಚಂಪಕಮಾಲೆ ಅಲ್ಲಿ ಹೇಗೆ ಕೇಳುತ್ತಿತ್ತು? ಆದರೆ ಪುರಾಣ ಕಂಸವಧೆಯ ಪ್ರಸಂಗಕ್ಕೆ ನಿಂತುಹೋಗಿದೆ. ‘ಅರ್ಧನೇಮಿ’ ಎಂಬ ಹೆಸರು ಅದಕ್ಕೆ ಹೀಗೆಯೇ ಬಂದುದು. ಬೆಳಗಾವಿಯ ಕಮಲಬಸದಿಯಲ್ಲಿ, ಕಮಲದಂತೆ ಅರಳಿ ಇಳಿಬಿದ್ದ ಕಲ್ಲಿನ ಮೇಲ್ಛಾವಣಿಯಾಚೆ, ಕೃಷ್ಣಶಿಲೆಯ ನೇಮಿನಾಥನು ಕುಳಿತಿದ್ದಾನೆ. ನೇಮಿಚಂದ್ರನ ಓಲೆಗಳಲ್ಲಿ ಅವನ ಮದುವೆಯ ಮೆರವಣಿಗೆ ಹೊರಡುವುದೇ ಇಲ್ಲ.